ತುಟಿ ಓದುವವರ ನಡುವೆ ಒಂದು ಪ್ರಾರ್ಥನೆ

ಮಗ್ಗದ ಶೆಡ್ಡಿನಲ್ಲಿ ದುಡಿಯುವವರೆಲ್ಲ ಕಿವುಡರೆಂದು ಹೊರಗಿನವರು ತಿಳಿದಿರುತ್ತಾರೆ. ಇದು ಪೂರ್ತಿ ಸರಿಯಲ್ಲ. ಕಿವಿ ಮಂದವಾಗುವುದು ವರ್ಷಗಳ ಮೇಲೆ. ಆದರೆ ಕಿವಿಯಿಂದ ಅಲ್ಲಿ ಪ್ರಯೋಜನವಿಲ್ಲವೆಂಬುದು ಕಾಲಿಟ್ಟ ಮೊದಲ ದಿನವೇ ತಿಳಿದುಹೋಗುತ್ತದೆ. ಲಾಳಿ ಅತ್ತಿಂದಿತ್ತ ಬಡಿಯುತ್ತ ಓಡುವ ಮಗ್ಗ ಒಂದೇ ಇದ್ದರೂ ಪಕ್ಕದವನ ಮಾತು ಕೇಳಿಸದು. ಅಂಥವು ಸಾಲುಸಾಲಾಗಿ ಒಟ್ಟಿಗೆ ಬಡಿಯುವ ಕಡೆ, ಕಿವಿಗೆ ಬಾಯಿ ತಾಗಿಸಿ ಕೂಗಿದರೂ ಬಿಸಿಯುಸಿರು ತಾಗೀತೇ ಹೊರತು ಮಾತು ತಲುಪದು. ಆದ್ದರಿಂದ ಅಲ್ಲಿನವರು ಮಾತನ್ನು ಕಣ್ಣಿನಿಂದ ಕೇಳುತ್ತಾರೆ. ದನಿಯೆತ್ತದೆ ತುಟಿಯನ್ನು ದೊಡ್ಡದಾಗಿ ಆಡಿಸುವುದು, ಬೇಕಾದಲ್ಲಿ ಕೈಯಿಂದ ಒಂದು ಸನ್ನೆ ಸೇರಿಸುವುದು. ಇಷ್ಟರಲ್ಲೇ ಮೂರು ಸಾಲು ಆಚೆಗಿರುವವನ ಜೊತೆ ಮನೆಯ ಜಗಳ, ಮದುವೆಯ ಮಾತುಕತೆ, ಜಾಬರನ ಮೇಲಿನ ದೂರು ಎಲ್ಲವೂ ನಡೆದುಹೋಗುತ್ತವೆ. ಜಾಬರ್ ಎಂದರೆ ಸಾಲುಗಳ ಮೇಲ್ವಿಚಾರಕ. ಬೇರೆ ಕಡೆ ಗುಟ್ಟು ಹೇಳುವವರು ದನಿ ತಗ್ಗಿಸಿದರೆ, ಇಲ್ಲಿನವರು ಬೆನ್ನು ತಿರುಗಿಸುತ್ತಾರೆ.

ಆ ಶೆಡ್ಡಿನಲ್ಲಿ ಪಾದ್ರಿ ಎಂದು ಕರೆಸಿಕೊಳ್ಳುತ್ತಿದ್ದವನು ಪಾದ್ರಿಯಾಗಿರಲಿಲ್ಲ. ಪಶ್ಚಿಮದ ಗೋಡೆಯ ಬದಿಯ ಕೊನೆಯ ಸಾಲಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ ನೇಕಾರ. ಚರ್ಚಿನಲ್ಲಿ ಅವನಿಗಿದ್ದ ಸ್ಥಾನಮಾನವೆಂದರೆ ಹಿಂದಿನ ಬೆಂಚಿನ ತುದಿಯಲ್ಲಿ ಕೂರುವುದು. ಆದರೆ ಹರೆಯದಲ್ಲಿ ಕೆಲಸಕ್ಕೆ ಸೇರಿದಂದಿನಿಂದ ಅವನಿಗೊಂದು ರೂಢಿಯಿತ್ತು. ಪಾಳಿ ಶುರುವಾದಾಗ, ಮಗ್ಗದ ಹಿಡಿಗೆ ಕೈಹಾಕುವ ಮೊದಲು ಟೋಪಿ ತೆಗೆದು, ಕಣ್ಣು ಮುಚ್ಚಿ, ತುಟಿಯಲ್ಲೇ ನಾಲ್ಕು ಮಾತು ಪ್ರಾರ್ಥಿಸುತ್ತಿದ್ದ. ಕರ್ತನೇ, ಈ ದಿನದ ಕೆಲಸಕ್ಕೆ ಸ್ತೋತ್ರ, ನಮ್ಮ ಕೈಕಾಲು ಕಾಪಾಡು, ಈ ಶೆಡ್ಡಿನ ಎಲ್ಲರನ್ನೂ ಕಾಪಾಡು, ಆಮೆನ್. ಇಷ್ಟೇ, ಇದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ. ಬೇರೆ ಕಾರ್ಖಾನೆಯಲ್ಲಾಗಿದ್ದರೆ ಅದು ಅವನಿಗೂ ಅವನ ದೇವರಿಗೂ ಸೇರಿದ ವಿಷಯವಾಗಿ ಉಳಿಯುತ್ತಿತ್ತು. ಇಲ್ಲಿ ಶೆಡ್ಡಿಗೆ ಶೆಡ್ಡೇ ಓದಿತು, ಓದಿ ಬಾಯಿಪಾಠ ಮಾಡಿಕೊಂಡಿತು.

ಎಲ್ಲರಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿಕೊಂಡವನು ಎದುರು ಸಾಲಿನ ನಾಟಕಪ್ಪ. ಯಾರ ನಡಿಗೆಯನ್ನಾದರೂ ಒಮ್ಮೆ ನೋಡಿದರೆ ಸಾಕು, ಮರುಕ್ಷಣ ಆಡಿ ತೋರಿಸುವ ಚಳಕ ಅವನದು. ಆ ಹೆಸರು ಬಂದದ್ದೂ ಅದರಿಂದಲೇ. ಕೆಟ್ಟವನೆಂದು ಅವನನ್ನು ಕರೆಯುವಂತಿರಲಿಲ್ಲ. ಹೊಸಬರಿಗೆ ನೇಕಾರರ ಗಂಟು ಹಾಕುವುದನ್ನು ತಾಳ್ಮೆಯಿಂದ ಕಲಿಸುತ್ತಿದ್ದ, ಯಾರಾದರೂ ತಡವಾಗಿ ಬಂದರೆ ಅವರ ಮಗ್ಗವನ್ನೂ ತಾನೇ ನೋಡಿಕೊಳ್ಳುತ್ತಿದ್ದ. ಆದರೆ ಪಾಳಿಯ ಆರಂಭಕ್ಕೆ ಪಾದ್ರಿ ಟೋಪಿ ತೆಗೆದನೆಂದರೆ ಇವನೂ ತೆಗೆಯುತ್ತಿದ್ದ. ಕೈಜೋಡಿಸಿ, ಮೂಗು ಮೇಲೆತ್ತಿ, ಅದೇ ಮಾತನ್ನು ಎರಡರಷ್ಟು ದೊಡ್ಡ ತುಟಿಯಲ್ಲಿ ಆಡುತ್ತಿದ್ದ. ಕೊನೆಗೆ ಒಂದು ಕೆನ್ನೆಗೆ ತಾನೇ ಹೊಡೆದುಕೊಂಡು ಇನ್ನೊಂದು ಕೆನ್ನೆಯನ್ನು ಜಾಬರನ ಕಡೆಗೆ ತಿರುಗಿಸಿ ನಿಲ್ಲುತ್ತಿದ್ದ. ಸಾಲುಸಾಲೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಇದನ್ನು ತಮಾಷೆ ಎಂದವರಿದ್ದಾರೆ, ಇಂದಿಗೂ ಎನ್ನುತ್ತಾರೆ. ತಮಾಷೆಯಾದರೆ ಇಬ್ಬರೂ ನಗಬೇಕು. ಒಬ್ಬನೇ ಪ್ರತಿದಿನ ನಗೆಗೆ ವಸ್ತುವಾದರೆ ಅದಕ್ಕೆ ಬೇರೆ ಹೆಸರಿದೆ.

ಪಾದ್ರಿ ಹುಟ್ಟಾ ಸಾಧುವಲ್ಲ. ಸಿಟ್ಟು ಬಂದರೆ ಕಿವಿ ಕೆಂಪಾಗುತ್ತಿತ್ತು, ಅದನ್ನು ಮುಚ್ಚಲು ಟೋಪಿಯನ್ನು ಕೆಳಗೆ ಎಳೆದುಕೊಳ್ಳುತ್ತಿದ್ದ. ಆದರೂ ತಿರುಗಿ ಬೈದವನಲ್ಲ. ಒಂದು ದಿನ ನಾಟಕಪ್ಪ ತುಟಿಯಾಡಿಸಿದ: "ನಿನ್ನ ಯಜಮಾನ, ಆ ಕರ್ತ, ಬಡಗಿ ತಾನೆ ಪಾದ್ರಿ? ನನ್ನ ಮಗ್ಗದ ಹಲಗೆ ಸಡಿಲ ಆಗಿದೆ, ಒಂದು ಸಲ ಕಳಿಸು." ಪಾದ್ರಿ ಅಷ್ಟೇ ದೊಡ್ಡದಾಗಿ ಉತ್ತರಿಸಿದ: "ಕಳಿಸ್ತೀನಿ. ಆದರೆ ಬಂದರೆ ಹಲಗೆ ಒಂದನ್ನೇ ರಿಪೇರಿ ಮಾಡಿ ಹೋಗೋ ಪೈಕಿ ಅಲ್ಲ ಅವನು, ನೋಡ್ಕೊ." ಆ ದಿನ ನಗು ಪಾದ್ರಿಯ ಕಡೆಗಾಯಿತು. ನಾಟಕಪ್ಪನೂ ನಕ್ಕ. ಚರ್ಚಿನ ಸಭಾಪಾಲಕರು ಒಮ್ಮೆ, ಹಾಸ್ಯ ಮಾಡುವವರೆದುರು ನಗುಮುಖದಿಂದಿರುತ್ತೀಯಂತೆ, ನಂಬಿಕೆಗೆ ಒಳ್ಳೆಯ ಸಾಕ್ಷಿ ಎಂದು ಬೆನ್ನು ತಟ್ಟಿದಾಗ, ಹಲ್ಲು ಕಚ್ಚಿಕೊಂಡರೂ ದೂರದಿಂದ ಅದು ನಗುವಿನ ಹಾಗೇ ಕಾಣುತ್ತದೆ ಎಂದು ಪಾದ್ರಿ ಹೇಳಿದ್ದುಂಟು.

ಇದೆಲ್ಲ ಅವನ ಹೆಂಡತಿಗೆ ಕಾಯಿಲೆ ಬರುವ ಮುಂಚಿನ ಮಾತು.

ಹೆಂಡತಿಯೂ ಆ ಮಿಲ್ಲಿನವಳೇ. ನೂಲು ಸುತ್ತುವ ವಿಭಾಗದಲ್ಲಿ ಕಾಯಂ ಆಗಿದ್ದವಳು. ಅತ್ತೆ ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಜನವಿಲ್ಲವೆಂದು ಕೆಲಸ ಬಿಟ್ಟಳು. ಅತ್ತೆ ತೀರಿಕೊಂಡ ಮೇಲೆ ಮಿಲ್ಲು ಅವಳನ್ನು ಮತ್ತೆ ಒಳಗೆ ಸೇರಿಸಿಕೊಳ್ಳಲಿಲ್ಲ. ಅದನ್ನು ಅವಳು ಯಾರ ಮೇಲೂ ಹೊರಿಸಿದವಳಲ್ಲ, ಮರೆತವಳೂ ಅಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಪಾದ್ರಿಯನ್ನು ಹೊರಗೆ ಕರೆದು, ಜಠರದ ಗೆಡ್ಡೆ ಎಲ್ಲ ಕಡೆಗೂ ಹರಡಿದೆ, ಕೊಯ್ದು ಪ್ರಯೋಜನವಿಲ್ಲ, ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ನಡುವಿನ ಬಾಗಿಲು ಭದ್ರವಾಗಿ ಮುಚ್ಚಿತ್ತು. ಆದರೆ ಬಾಗಿಲ ಮೇಲ್ಭಾಗ ಗಾಜಿನದು. ಪಾದ್ರಿ ಮುಖ ಒರೆಸಿಕೊಂಡು, ಹೇಳಬೇಕಾದ ಸುಳ್ಳನ್ನು ನಾಲಿಗೆಯ ತುದಿಯಲ್ಲಿ ಜೋಡಿಸಿಕೊಂಡು ಒಳಗೆ ಬಂದರೆ, ಮಂಚದ ಮೇಲಿದ್ದವಳು ಡಾಕ್ಟರ ತುಟಿಯಿಂದ ಎಲ್ಲವನ್ನೂ ಓದಿ ಮುಗಿಸಿದ್ದಳು.

ಅವಳು ಅಳಲಿಲ್ಲ. ಒಂದೇ ಒಂದು ಮಾತು ಕೇಳಿದಳು. "ಪುಟ್ಟಿಗೆ ಹೇಳಬೇಡಿ ರೀ. ಅವಳ ಕೆಲಸ ಕಾಯಂ ಆಗೋವರೆಗೂ ಹೇಳಬೇಡಿ. ಹೇಳಿದರೆ ಬಿಟ್ಟು ಬಂದು ನನ್ನ ಪಕ್ಕ ಕೂತ್ಕೊಳ್ಳುತ್ತೆ ಹುಡುಗಿ. ನನ್ನ ಹಾಗೇ ಆಗಿಹೋಗ್ತಾಳೆ." ಮಗಳು ಆಗಷ್ಟೇ ಬದಲಿಯಾಗಿ, ಅಂದರೆ ರಜೆಯಲ್ಲಿದ್ದವರ ಜಾಗಕ್ಕೆ ಬರುವ ಕೆಲಸಗಾರ್ತಿಯಾಗಿ, ನೇಯ್ಗೆಯ ಶೆಡ್ಡಿಗೆ ಸೇರಿದ್ದಳು. ಬದಲಿಯವರು ತಪ್ಪದೆ ಬಂದರೆ ಚಳಿಗಾಲ ಮುಗಿಯುವ ಹೊತ್ತಿಗೆ ಕಾಯಂ ಮಾಡುವುದು ಮಿಲ್ಲಿನ ಪದ್ಧತಿ. ನಡುವೆ ಬಿಟ್ಟವರ ಹೆಸರು ಮತ್ತೆ ಪಟ್ಟಿಗೆ ಸೇರದು. ಪಾದ್ರಿ ಹೆಂಡತಿಯ ಕೈಹಿಡಿದು ಮಾತು ಕೊಟ್ಟ.

ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಬೆಂಕಿಯ ಮೇಲೆ ನಿಂತಂತಾಯಿತು. ಮಗಳಿಗೆ ಹೊಟ್ಟೆಹುಣ್ಣು ಎಂದು ಹೇಳಿದ್ದಾಯಿತು. ಅವಳು ಅದನ್ನು ನಂಬಿ, ಅಮ್ಮ ಖಾರ ಮುಟ್ಟಬಾರದೆಂದು ಮನೆಗೆಲ್ಲ ಕಟ್ಟಳೆ ಮಾಡಿ, ಹಾಲಿನ ಲೋಟ ಹಿಡಿದು ಹಿಂದೆ ಬೀಳುತ್ತಿದ್ದಳು. ತಾಯಿ ಅವಳೆದುರು ಕುಡಿದು, ಅವಳು ಹೋದ ಮೇಲೆ ಕಾರಿಕೊಳ್ಳುತ್ತಿದ್ದಳು. ರಕ್ತ ಬಿದ್ದ ಬಟ್ಟೆಗಳನ್ನು ಮಗಳು ಏಳುವ ಮೊದಲು ಪಾದ್ರಿ ತೊಳೆದುಹಾಕುತ್ತಿದ್ದ. ಆ ಮನೆಯಲ್ಲಿ ಪಿಸುಮಾತಿನಿಂದ ಉಪಯೋಗವಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ತುಟಿಯಲ್ಲಿ ಮಾತಾಡುವುದನ್ನು ನೋಡುತ್ತಲೇ ಬೆಳೆದ ಹುಡುಗಿ ಅವಳು. ರಸ್ತೆಯಾಚೆ ನಿಂತು ಇಬ್ಬರು ಮಾತಾಡಿದರೆ ಈಚೆಯಿಂದ ವರದಿ ಒಪ್ಪಿಸುವಷ್ಟು ಚುರುಕು. ಗಂಡಹೆಂಡತಿ ಮುಖ ಕೊಟ್ಟು ಮಾತಾಡಬೇಕಾದರೆ ಅವಳು ಅಂಗಡಿಗೆ ಹೋಗಬೇಕಿತ್ತು.

ಅವನು ಯಾರೊಂದಿಗೆ ಹೇಳಿಕೊಳ್ಳಬೇಕು? ಉಳಿದದ್ದು ಮೇಲಿನವನೊಬ್ಬನೇ. ಪಾಳಿಯ ಆರಂಭದ ನಾಲ್ಕು ಮಾತು ಹಾಗೇ ಇರಲಿ ಎಂದು ಬಿಟ್ಟು, ನಡುವೆ ಮಗ್ಗಗಳು ಸರಿಯಾಗಿ ಓಡುತ್ತಿರುವಾಗ ಗೋಡೆಯ ಕಡೆ ತಿರುಗಿ ಬೇರೊಂದು ಪ್ರಾರ್ಥನೆ ಶುರುಮಾಡಿದ. ಪಶ್ಚಿಮದ ಗೋಡೆಗೆ ದೊಡ್ಡದೊಂದು ಕಿಟಕಿ, ಆಚೆಗೆ ಅಂಗಳ. ಶೆಡ್ಡಿಗೆ ಬೆನ್ನು, ಕಿಟಕಿಗೆ ಮುಖ. ಓದಲು ಅಲ್ಲಿ ಯಾರೂ ಇಲ್ಲ. ಬೇಸಿಗೆಯಲ್ಲಿ ಹೀಗೆ ನಿಂತದ್ದು ಸುರಕ್ಷಿತವಾಗಿಯೇ ಇತ್ತು. ಅವನ ಎಣಿಕೆಯಲ್ಲಿ ತಪ್ಪಿದ್ದು ಒಂದೇ. ಚಳಿಗಾಲಕ್ಕೆ ಹಗಲು ಗಿಡ್ಡವಾಯಿತು. ಎರಡನೆಯ ಪಾಳಿಯಲ್ಲಿ ಸಂಜೆಯಾಗುತ್ತಲೇ ಹೊರಗೆ ಕತ್ತಲು, ಒಳಗೆ ದೀಪ. ಅಂಥ ಹೊತ್ತಿನಲ್ಲಿ ಕಿಟಕಿಯ ಗಾಜು ಕನ್ನಡಿಯಾಗುತ್ತದೆ. ಕಣ್ಣು ಮುಚ್ಚಿ ಪ್ರಾರ್ಥಿಸುವವನಿಗೆ ಅದು ಕಾಣುವುದು ಹೇಗೆ?

ಆ ತಿಂಗಳು ಮಗಳಿಗೆ ಕೊಟ್ಟದ್ದು ಅವನ ಹಿಂದಿನ ಸಾಲಿನ ಮಗ್ಗ, ಕಂಬದ ಪಕ್ಕದ್ದು. ಗಾಜಿನಲ್ಲಿ ಅವನ ಮುಖ ಕಾಣುವುದು ಶೆಡ್ಡಿನಲ್ಲಿ ಆ ಒಂದು ಜಾಗದಿಂದ ಮಾತ್ರ. ನಾಟಕಪ್ಪನ ಜಾಗದಿಂದ ಕಾಣುತ್ತಿದ್ದದ್ದು ಬೆನ್ನು, ಅಲ್ಲಾಡುವ ಕಿವಿ. ಅರ್ಧ ನಾಟಕ ಕಂಡ ಪ್ರೇಕ್ಷಕನಂತೆ ಅವನಿಗೆ ಚಡಪಡಿಕೆ. ಕ್ಯಾಂಟೀನಿನಲ್ಲಿ ಎಲ್ಲರೆದುರು ಹುಡುಗಿಯನ್ನು ಕೆಣಕಿದ: "ನಿಮ್ಮಪ್ಪ ಈಗೀಗ ಕಿಟಕಿ ಹತ್ತಿರ ಯಾರ ಜೊತೆ ಸಂಸಾರ ಮಾಡ್ತಿದಾನೆ ಪಾದ್ರಿಮರಿ? ಓದಿ ಹೇಳಿದರೆ ನೀನು ನಮ್ಮವಳು. ಇಲ್ಲಾಂದ್ರೆ ಹೋಗಿ ಅಪ್ಪನ ಪಕ್ಕ ಮಂಡಿ ಊರು." ಹುಡುಗಿಗೆ ಆ ಶೆಡ್ಡಿನಲ್ಲಿ ತಿಂಗಳುಗಟ್ಟಲೆಯಿಂದ ಪಾದ್ರಿಮರಿ ಎಂಬುದೊಂದೇ ಹೆಸರು. ಅಪ್ಪ ಟೋಪಿ ತೆಗೆದರೆ ಅವಳ ಮುಖ ಕೆಂಪಾಗುತ್ತಿತ್ತು. ಭಾನುವಾರ ಚರ್ಚಿಗೆ ಹೋಗದಿರಲು ತಲೆನೋವಿನ ನೆಪ ಹೇಳಲೂ ಶುರುಮಾಡಿದ್ದಳು. ಆಗಲಿ ಮಾವ, ಓದ್ತೀನಿ ಎಂದಳು.

ಅಂದು ಬೆಳಿಗ್ಗೆ ಹೆಂಡತಿ ಹಾಸಿಗೆಯಿಂದ ಏಳಲಾಗದೆ, ಮಗಳು ಸ್ನಾನಕ್ಕೆ ಹೋದಾಗ, ನೋವು ತಡೆಯಲಾಗದೆ ದಿಂಬನ್ನು ಕಚ್ಚಿ ಹಿಡಿದಿದ್ದಳು. ಆ ದಿಂಬಿನ ಗುರುತು ಅವಳ ಕೆನ್ನೆಯ ಮೇಲೆ ಮೂಡಿದ್ದು ಪಾದ್ರಿಯ ಕಣ್ಣಿನಿಂದ ಇಡೀ ದಿನ ಕದಲಲಿಲ್ಲ. ಸಂಜೆ ಅವನು ಕಿಟಕಿಗೆ ಮುಖಮಾಡಿ ನಿಂತಾಗ ಬಾಯಲ್ಲಿ ಸ್ತೋತ್ರ ಬರಲಿಲ್ಲ, ಬೇಡಿಕೆಯೇ ಬಂತು.

ಹಿಂದಿನ ಸಾಲಿನಲ್ಲಿ ಮಗಳು ಕಂಬಕ್ಕೆ ಒರಗಿ, ನಾಟಕಪ್ಪನ ಕಡೆ ತಿರುಗಿ, ಗಾಜನ್ನು ಓರೆಗಣ್ಣಿನಿಂದ ನೋಡುತ್ತ ಓದತೊಡಗಿದಳು. ಒಂದೊಂದು ಮಾತಿಗೂ ಒಂದೊಂದು ಅಭಿನಯ. ಕರ್ತನೇ ಎಂದಾಗ ನೆಲದವರೆಗೆ ಬಾಗಿದಳು. ನೀನೇ ಗತಿ ಎಂದಾಗ ಎರಡೂ ಕೈಯನ್ನು ಮಾಡಿನತ್ತ ಎತ್ತಿದಳು. ಸಾಲುಗಳಲ್ಲಿ ತಲೆಗಳು ಅತ್ತ ತಿರುಗಿದವು. ನಾಟಕಪ್ಪ ತೊಡೆ ತಟ್ಟಿಕೊಂಡ.

ಪಾದ್ರಿಯ ತುಟಿ ಮುಂದುವರಿಯಿತು. ಡಾಕ್ಟರು ಕೈಬಿಟ್ಟರು, ನೀನು ಬಿಡಬೇಡ. ಕ್ಯಾನ್ಸರ್ ನಿನಗೆ ಯಾವ ದೊಡ್ಡದು. ಅವಳನ್ನು ಬದುಕಿಸು. ಹುಡುಗಿಗೆ ಇದು ತಿಳಿಯದ ಹಾಗೆ ನನ್ನ ಬಾಯಿಗೆ ಬೀಗ ಹಾಕು.

ಅವನು ಕಣ್ಣು ತೆರೆದ. ಎದುರಿಗಿದ್ದದ್ದು ಅಂಗಳವಲ್ಲ, ದೀಪಗಳು, ಮಗ್ಗಗಳು, ತನ್ನದೇ ಮುಖ, ಅದರ ಹೆಗಲಿನಾಚೆ ಮಗಳು. ಮೇಲಕ್ಕೆತ್ತಿದ್ದ ಅವಳ ಕೈ ಗಾಳಿಯಲ್ಲಿ ನಿಂತುಹೋಗಿತ್ತು. ಅವಳು ನೋಡುತ್ತಿದ್ದದ್ದು ಗಾಜಿನೊಳಗಿನ ಅವನ ತುಟಿಯನ್ನು. ಕ್ಷಣಾರ್ಧದಲ್ಲಿ ಅವನಿಗೆ ಎಲ್ಲವೂ ಅರ್ಥವಾಯಿತು. ಅವಳ ಮಗ್ಗದಲ್ಲಿ ಎಳೆ ಕಡಿದು ಲಾಳಿ ಸಿಕ್ಕಿಕೊಂಡಿತ್ತು, ಅವಳಿಗೆ ಅದರ ಪರಿವೆಯಿರಲಿಲ್ಲ.

ನಾಟಕಪ್ಪ ಮುಂದೇನು, ಮುಂದೇನು ಎಂದು ತುಟಿಯಾಡಿಸಿ ಕೇಳಿದ. ಉತ್ತರ ಬರದಿದ್ದಾಗ ತಾನೇ ಕಲ್ಪಿಸಿಕೊಂಡು ಆಡಿದ: ಕರ್ತನೇ, ನನಗೊಂದು ಹೊಸ ಜೊತೆ ಬೂಟು ಕೊಡು, ಜಾಬರನಿಗೆ ಭೇದಿ ಕೊಡು. ಶೆಡ್ಡು ನಗುತ್ತಿತ್ತು. ಮಗಳ ಮುಖ ಬಿಳಿಚಿ, ಗಲ್ಲ ನಡುಗಲು ಶುರುವಾಗಿತ್ತು. ಇನ್ನೊಂದು ಗಳಿಗೆ ಬಿಟ್ಟರೆ ಎಲ್ಲರ ಕಣ್ಣೂ ಅವಳ ಮೇಲೆ. ಅವಳ ಅಳುವನ್ನು ಓದಲು ಅಲ್ಲಿ ಯಾರಿಗೂ ಕಲಿಸಬೇಕಾಗಿರಲಿಲ್ಲ.

ಪಾದ್ರಿಯ ಬಳಿ ಒಂದು ಮಾತಿತ್ತು. ನನ್ನ ಹೆಂಡತಿ ಸಾಯುತ್ತಿದ್ದಾಳೆ, ಬದುಕಿಸೆಂದು ಕೇಳುತ್ತಿದ್ದೆ ಎಂದು ತುಟಿಯಾಡಿಸಿದ್ದರೆ ನಾಟಕಪ್ಪ ಜೀವಮಾನದಲ್ಲಿ ಮತ್ತೆ ತಲೆಯೆತ್ತುತ್ತಿರಲಿಲ್ಲ. ಅದನ್ನು ಆಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಮಾಡಿದ್ದು ಬೇರೆ. ಸಾಲುಗಳ ನಡುವಿನ ದಾರಿಗೆ ಬಂದು, ಮಗಳಿಗೆ ಅಡ್ಡವಾಗುವಂತೆ ನಿಂತು, ಎರಡೂ ಕೈ ಬೀಸಿ ಎಲ್ಲರ ಗಮನ ತನ್ನತ್ತ ಎಳೆದುಕೊಂಡ. "ಅಯ್ಯೋ ನಾಟಕಪ್ಪಾ, ಎಷ್ಟು ವರ್ಷದಿಂದ ನೋಡ್ತಿದ್ದೀಯ, ಇನ್ನೂ ಬರಲಿಲ್ವಲ್ಲ ನಿನಗೆ. ಕೈ ಹಾಗಲ್ಲ. ಮೂಗು ಹಾಗಲ್ಲ. ನೋಡು, ಅಸಲಿ ಮಾಲು ತೋರಿಸ್ತೀನಿ." ಎಣ್ಣೆ ಮೆತ್ತಿದ ನೆಲದ ಮೇಲೆ ಮಂಡಿಯೂರಿದ.

ಪಾದ್ರಿ ಆ ದಿನ ಶೆಡ್ಡಿನ ನಡುವೆ ಕೋಡಂಗಿಯಂತೆ ಕುಣಿದನೆಂದು ಆ ಮಿಲ್ಲಿನವರು ಈಗಲೂ ಹೇಳುತ್ತಾರೆ. ಕುಣಿಯಲಿಲ್ಲ. ಮಂಡಿಯೂರಿ, ಕಣ್ಣು ಮುಚ್ಚಿ, ಮುಖವನ್ನು ಎಲ್ಲರಿಗೂ ಕಾಣುವಂತೆ ಎತ್ತಿ, ತುಟಿಯನ್ನು ದೊಡ್ಡದಾಗಿ ಆಡಿಸಿ ಅವನು ಹೇಳಿದ್ದು ತನ್ನ ನಿತ್ಯದ ನಾಲ್ಕು ಮಾತು. ನಮ್ಮ ಕೈಕಾಲು ಕಾಪಾಡು, ಈ ಶೆಡ್ಡಿನ ಎಲ್ಲರನ್ನೂ ಕಾಪಾಡು. ಅವರು ಚಪ್ಪಾಳೆ ತಟ್ಟಿದರು. ಮತ್ತೊಮ್ಮೆ ಎಂದರು, ಅವನು ಮತ್ತೊಮ್ಮೆ ಹೇಳಿದ. ಮಗಳು ಮಗ್ಗದ ಹಿಂದೆ ಬಾಗಿ ಕೂತಳು. ಕಡಿದ ಎಳೆ ಹುಡುಕುತ್ತಿದ್ದಾಳೆಂದು ನೋಡಿದವರು ತಿಳಿದಿರಬೇಕು. ಜಾಬರ್ ಬಂದು, ಓಡುವ ಮಗ್ಗ ಬಿಟ್ಟು ಇದೇನು ನಿನ್ನ ಜಾತ್ರೆ ಎಂದು ಗದರಿದ ಮೇಲೆ ಪಾದ್ರಿ ಎದ್ದ.

ಪಾಳಿ ಬಿಟ್ಟು ಮನೆಗೆ ಹೋಗುವ ದಾರಿಯಲ್ಲಿ ಮಗಳು ಅಪ್ಪನಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಗೋದಾಮುಗಳ ಉದ್ದನೆಯ ಗೋಡೆ ಮುಗಿದ ಮೇಲೆ ನಿಂತಳು.

"ನಿನ್ನ ದೇವರಿಗೆ ಹೇಳ್ತೀಯ. ನನಗೆ ಹೇಳಲ್ಲ."

"ನಿಮ್ಮಮ್ಮ ಮಾತು ತಗೊಂಡಿದ್ಲು, ಪುಟ್ಟಿ."

"ನಾನು ಹಾಲು ಕುಡಿಸ್ತಿದ್ದೆ ಅಪ್ಪಾ. ಬೇಡ ಅಂದರೂ ಬಾಯಿಗೆ ಹಿಡಿದು ಕುಡಿಸ್ತಿದ್ದೆ." ಅವಳು ಅಂಗೈಯಿಂದ ಮುಖ ಒರೆಸಿಕೊಂಡಳು. "ನಿನ್ನನ್ನ ಆಡ್ಕೊಂಡು ಕೈ ಎತ್ತಿ ತೋರಿಸ್ತಿದ್ದೆ. ನೋಡಿದೆ ಅಲ್ವಾ?" ಎಂದಳು.

ನೋಡಿದೆ ಎಂದ ಪಾದ್ರಿ. ನೋಡಲಿಲ್ಲ ಎಂದು ಹೇಳಬಹುದಿತ್ತು, ಆದರೆ ಆ ಮನೆಯಲ್ಲಿ ಸುಳ್ಳುಗಳು ಆಗಲೇ ಸಾಕಷ್ಟಾಗಿದ್ದವು. "ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ಒಂದು ಕೇಳ್ಕೊಳ್ತೀನಿ. ನಿನಗೆ ತಿಳೀತು ಅಂತ ಅಮ್ಮನಿಗೆ ಗೊತ್ತಾಗಬಾರದು. ನಾಳೆ ಎಂದಿನ ಹಾಗೆ ಪಾಳಿಗೆ ಬಾ. ಇನ್ನೇನು, ಚಳಿಗಾಲ ಕಳೆಯಲಿ."

ಮಗಳು ತಿರುಗಿ ಮನೆಯ ಕಡೆ ನಡೆದಳು.

ಮರುದಿನ ಪಾಳಿಯ ಹೊತ್ತಿಗೆ ಅವಳು ಚಪ್ಪಲಿ ಮೆಟ್ಟದೆ ಬಂದು ತಾಯಿಯ ಮಂಚದ ಮೇಲೆ ಕೂತಳು. ತಾಯಿಯ ಜಡೆ ಬಿಚ್ಚಿ ಬಾಚತೊಡಗಿದಳು. ಪಾಳಿಯಿರುವ ದಿನ ಬದಲಿಯೊಬ್ಬಳು ಮನೆಯಲ್ಲಿ ಕೂತರೆ ಅದರ ಅರ್ಥ ಒಂದೇ ಎಂಬುದು ನೂಲು ಸುತ್ತಿ ಬಂದವಳಿಗೆ ತಿಳಿಯದಿರುತ್ತದೆಯೇ? ಅವಳು ಗಂಡನತ್ತ ನೋಡಿದಳು. ಅವನು ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದ.

"ಒಂದೇ ಒಂದು ಕೇಳಿದ್ದೆ ನಿಮ್ಮನ್ನ. ಇಡೀ ಜನ್ಮದಲ್ಲಿ ಒಂದೇ ಒಂದು," ಎಂದು ಹೇಳಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ನಾನು ಹೇಳಲಿಲ್ಲ, ಅವಳೇ ಓದಿದಳು ಎನ್ನಲು ಹೋದರೆ ಎಲ್ಲಿ ಓದಿದಳು, ಹೇಗೆ ಓದಿದಳು, ಯಾರನ್ನು ನಗಿಸಲು ಓದಿದಳು ಎಂಬುದೆಲ್ಲ ಹೊರಬರಬೇಕಾಗುತ್ತಿತ್ತು. ಅಪರಾಧವನ್ನು ತನ್ನ ಮೇಲೇ ಇಟ್ಟುಕೊಂಡು ಪಾದ್ರಿ ಕೆಲಸಕ್ಕೆ ಹೊರಟ. ಆ ದಿನವೂ, ಮುಂದಿನ ದಿನಗಳಲ್ಲೂ ಅವಳು ಅವನತ್ತ ತಿರುಗಲಿಲ್ಲ. ಸಾಯುವ ಹೆಂಡತಿ ಮುನಿಸಿಕೊಂಡರೆ ರಮಿಸಲು ಗಂಡನ ಬಳಿ ಕಾಲಾವಕಾಶವಾದರೂ ಏನಿರುತ್ತದೆ?

ಶೆಡ್ಡಿನಲ್ಲಿ ಅವನು ಟೋಪಿ ತೆಗೆದ, ಕಣ್ಣು ಮುಚ್ಚಿದ. ತುಟಿ ಏಳಲಿಲ್ಲ.  ಬಾಯಿ ತೆರೆದರೆ ಬರುವುದು ಬೈಗುಳವೆಂದು ಅವನಿಗೆ ಖಾತ್ರಿಯಾಗಿ ತಿಳಿದಿತ್ತು, ಅದೂ ನಾಟಕಪ್ಪನಿಗಲ್ಲ, ಮೇಲಿನವನಿಗೆ. ಟೋಪಿಯನ್ನು ಹಾಗೇ ತಲೆಗೇರಿಸಿಕೊಂಡು ಮಗ್ಗದ ಹಿಡಿ ಎಳೆದ. ಹೀಗೇ ಕೆಲವು ದಿನ ಹೋಯಿತು.

ಶೆಡ್ಡು ಇದನ್ನು ಗಮನಿಸದೆ ಇರಲಿಲ್ಲ. ಎದುರಿನವನು ಆಡದಿದ್ದರೆ ಅಣಕಿಸುವವನಿಗೂ ಕೆಲಸವಿಲ್ಲ. ಕೊನೆಗೊಂದು ದಿನ ನಾಟಕಪ್ಪ ತಡೆಯಲಾರದೆ ಕೇಳಿದ: "ಏನು ಪಾದ್ರಿ, ಟೂ ಬಿಟ್ಕೊಂಡ್ರಾ ನೀನೂ ನಿನ್ನ ಯಜಮಾನನೂ? ಮರಿ ಎಲ್ಲಿ, ಕಾಣೋದೇ ಇಲ್ಲ? ಅವಳನ್ನ ಆ ಯಜಮಾನ ಮೇಲಿನ ಮಿಲ್ಲಲ್ಲಿ ಕಾಯಂ ಮಾಡಿದನಾ?" ಅಕ್ಕಪಕ್ಕದವರು ನಕ್ಕರು.

ಅವನಿಗೆ ತಿಳಿಯದೆ ಆಡಿದ ಮಾತದು. ಇದನ್ನು ನ್ಯಾಯವಾಗಿ ಹೇಳಬೇಕು. ಆದರೆ ತಿಳಿಯದೆ ಬಿದ್ದ ಪೆಟ್ಟಿಗೂ ನೋವು ಅಷ್ಟೇ. ಪಾದ್ರಿಯ ಕೈಯಲ್ಲಿ ಆಗ ಲಾಳಿಯಿತ್ತು. ಗಟ್ಟಿಮರದ್ದು, ಎರಡೂ ತುದಿಗೆ ಉಕ್ಕಿನ ಮೊನೆ. ಮಗ್ಗದಿಂದ ಸಿಡಿದ ಲಾಳಿ ಕಣ್ಣು ತೆಗೆದದ್ದನ್ನು ಇಬ್ಬರೂ ಕಂಡವರೇ. ಅವನ ಕೈ ಮೇಲಕ್ಕೆದ್ದಿತು. ಏತಕ್ಕೆ ಎಂಬುದು ಅವನಿಗೆ ಗೊತ್ತಿತ್ತು, ನಾಟಕಪ್ಪನಿಗೂ ಗೊತ್ತಾಯಿತು. ನಗು ಅವನ ಮುಖದಲ್ಲೇ ಹೆಪ್ಪುಗಟ್ಟಿತು.

ಪಾದ್ರಿ ಲಾಳಿಯನ್ನು ಪೆಟ್ಟಿಗೆಯಲ್ಲಿ ಇಟ್ಟ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು. ಮಗ್ಗ ನಿಲ್ಲಿಸಿ, ಸಾಲು ಸುತ್ತಿ ಬಂದು, ಬೇರೆ ಯಾರಿಗೂ ಕಾಣದಂತೆ ಅವನೆದುರು ಹತ್ತಿರದಲ್ಲಿ ನಿಂತು ತುಟಿಯಾಡಿಸಿದ.

"ಅವಳಮ್ಮನಿಗೆ ಕ್ಯಾನ್ಸರ್. ಹೆಚ್ಚು ದಿನ ಇಲ್ಲ. ಹುಡುಗಿ ಕೆಲಸ ಬಿಟ್ಟು ಅವಳ ಜೊತೆ ಇದಾಳೆ."

ನಾಟಕಪ್ಪನ ಮುಖ ಏನಾಯಿತೆಂದು ವಿವರಿಸುವುದು ಬೇಡ.

"ನಿನಗೆ ನೋವಾಗಲಿ ಅಂತ ಹೇಳ್ತಿಲ್ಲ. ನನಗೆ ಪ್ರಾರ್ಥನೆ ಬರ್ತಿಲ್ಲ ಕಣೋ. ಬಾಯಿ ಸತ್ತುಹೋಗಿದೆ. ನನ್ನ ಮಾತು ನನಗಿಂತ ಚೆನ್ನಾಗಿ ನಿನಗೆ ಬರುತ್ತೆ. ಇವತ್ತು ನನ್ನ ಬದಲು ನೀನು ಹೇಳು."

"ನಾನಾ? ನಾನು ಯಾವ ದೇವರನ್ನೂ ನಂಬೋನಲ್ಲ ಮಾರಾಯ."

"ಗೊತ್ತು. ಬೇರೆ ಯಾರಿಗೂ ಅದು ಬಾಯಿಪಾಠ ಬರಲ್ಲ, ಅದಕ್ಕೇ ಕೇಳ್ತಿದೀನಿ."

ನಾಟಕಪ್ಪ ಅತ್ತಿತ್ತ ನೋಡಿದ. ಟೋಪಿ ತೆಗೆದ. ಅವನ ಕೈಗಳಿಗೆ ಬೇರೆ ರೀತಿ ಜೋಡಿಸಿಕೊಳ್ಳುವುದು ಗೊತ್ತಿರಲಿಲ್ಲ. ಅಣಕಿಸುವಾಗ ಜೋಡಿಸುತ್ತಿದ್ದಂತೆಯೇ ಜೋಡಿಸಿಕೊಂಡವು. ಮೂಗೂ ಎಂದಿನಂತೆ ಮೇಲಕ್ಕೆದ್ದಿತು. ಮೂರು ಸಾಲು ಆಚೆ ಯಾರೋ ಅದನ್ನು ಕಂಡು, ಮತ್ತೆ ಶುರುವಾಯಿತೆಂದು ಹಲ್ಲು ಬಿಟ್ಟರು. ಅವನು ಅವರತ್ತ ತಿರುಗದೆ ನಾಲ್ಕು ಮಾತುಗಳನ್ನೂ ಒಂದು ಅಕ್ಷರ ಬಿಡದೆ ಹೇಳಿದ. ಕೆನ್ನೆಗೆ ಹೊಡೆದುಕೊಳ್ಳಬೇಕಾದ ಜಾಗಕ್ಕೆ ಬಂದಾಗ ಕೈ ಏನು ಮಾಡಬೇಕೆಂದು ತಿಳಿಯದೆ ಕೆಳಗಿಳಿಯಿತು.

"ಆಮೇಲೆ?" ಎಂದು ಕೇಳಿದ. "ಕಿಟಕಿ ಹತ್ತಿರ ಏನು ಹೇಳ್ತಿದ್ದೆ? ಅದು ನನಗೆ ಬರಲ್ಲ."

ಬೇಸಿಗೆಯಿಂದ ಇಲ್ಲಿಯವರೆಗೆ ಪಾದ್ರಿ ಕೇಳುತ್ತ ಬಂದದ್ದು ಒಂದೇ: ಅವಳನ್ನು ಬದುಕಿಸು. ಅದನ್ನೇ ಹೇಳಿಕೊಡಲು ಬಾಯಿ ತೆರೆದ. ದಿಂಬಿನ ಗುರುತು ಬಿದ್ದ ಆ ಕೆನ್ನೆ ಕಣ್ಣೆದುರಿಗೆ ಬಂತು. ತುಟಿ ಬೇರೆಯದನ್ನೇ ಆಡಿತು.

"ಅವಳಿಗೆ ನೋವು ಕೊಡದೆ ಕರ್ಕೊ ಅನ್ನು."

ನಾಟಕಪ್ಪ ಒಮ್ಮೆಗೇ ಹೇಳಲಾರದೆ ಹೋದ. ಎರಡನೆಯ ಸಲಕ್ಕೆ ಹೇಳಿದ. ಜಾಬರ್ ದೂರದಿಂದ ಕೈಬೀಸುತ್ತಿದ್ದ. ಇಬ್ಬರೂ ತಮ್ಮತಮ್ಮ ಮಗ್ಗಗಳಿಗೆ ಹೋದರು.

ಪಾಳಿ ಮುಗಿಸಿ ಮನೆಗೆ ಬಂದಾಗ ಹೆಂಡತಿ ಗೋಡೆಗೆ ಮುಖಮಾಡಿಯೇ ಮಲಗಿದ್ದಳು. ಮಗಳು ಕಾಲೊತ್ತುತ್ತಿದ್ದಳು. ಪಾದ್ರಿ ಕುರ್ಚಿ ಎಳೆದುಕೊಂಡು, ಆ ಬೆನ್ನಿಗೆ, ತಾನು ಆ ದಿನ ಏನು ಕೇಳಿದೆನೆಂಬುದನ್ನು ದನಿಯೆತ್ತಿ ಹೇಳಿದ. ಬದುಕಿಸು ಎನ್ನುವುದನ್ನು ಬಿಟ್ಟುಬಿಟ್ಟೆ ಎಂದ. ನಿನ್ನ ಪಾಲಿಗೆ ದ್ರೋಹ ಬಗೆದೆನೋ ಏನೋ, ತಿಳಿಯದು ಎಂದ.

 ಅವಳು ಮಗಳ ಸಹಾಯದಿಂದ, ನೋವಿಗೆ ಹಲ್ಲು ಕಚ್ಚಿಕೊಂಡು, ಇತ್ತ ಮಗ್ಗುಲಾದಳು.

"ಅಷ್ಟು ಕೇಳೋಕೆ ಇಷ್ಟು ದಿನ ಬೇಕಾಯ್ತಾ ನಿಮಗೆ?" ಎಂದು, ಕೈ ಚಾಚಿದಳು.

ಅವಳು ನೋವಿಲ್ಲದೆ ಹೋದಳೆಂದು ಬರೆದರೆ ಓದುವವರಿಗೆ ಸಮಾಧಾನವಾದೀತು, ಆದರೆ ಅದು ಸುಳ್ಳಾಗುತ್ತದೆ. ಚಳಿಗಾಲ ಕಳೆಯುವ ಮೊದಲೇ ಹೋದಳು. ನೋವು ಕೊನೆಯವರೆಗೂ ಇತ್ತು. ಅವನೂ ಕೊನೆಯವರೆಗೂ ಕರ್ತನನ್ನು ಕೇಳುತ್ತಲೇ ಇದ್ದ.